ಮೋರಿಗೆ ಚೆಲ್ಲಿದ ಅರ್ಧ ಸೂಜಿ

ನಮ್ಮ ಅತ್ತೆ ಬೆಕ್ಕಿನ ಜೊತೆ ಮಾತಾಡಿದಷ್ಟು ನನ್ನ ಜೊತೆ ಆಡಿದವರಲ್ಲ. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಹೊತ್ತಿಗೆ ಅದಕ್ಕೆ ಊರ ಸುದ್ದಿಯೆಲ್ಲ ಹೇಳುತ್ತಿದ್ದರು. ನನಗೆ ಮಾತ್ರ "ಹಾಲು ಉಕ್ಕಾಕತ್ತದ, ನೋಡು" ಅಷ್ಟೇ. ನಾನು ದಿನಾ ಸೋಲಾಪುರಕ್ಕೆ ಹೋಗಿ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಕೆಲಸ ಮಾಡುತ್ತಿದ್ದೆ. ಮಂದಿಯ ಹೊಲಸು ಮುಟ್ಟಿ ಬರುವವಳು ಅಂತ ಅವರಿಗೆ ಒಳಗೊಳಗೇ ಹೇಸಿಗೆ. ಬೆಕ್ಕು ಇಲಿ ತಿಂದು ಬಂದು ತೊಡೆಯ ಮೇಲೆ ಕೂತರೆ ಹೇಸಿಗೆಯಿಲ್ಲ! ಸಿಟ್ಟು ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಆ ಬೆಕ್ಕಿನ ಹಿಂಗಾಲು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿತು. ಅತ್ತೆ ಅರಿಶಿನ ಹಚ್ಚಿ ಅರಿವೆ ಸುತ್ತಿದರು. ನಾಲ್ಕು ದಿನದಲ್ಲಿ ಕಾಲು ಕೊಳೆತು ನಾತ ಹೊಡೆಯತೊಡಗಿತು. ಆಗ ತಾವಾಗಿಯೇ ನನ್ನೆದುರು ಬಂದು ನಿಂತರು.

"ನೀ ಡಾಕ್ಟರ್ ಮಂದ್ಯಾಗ ಅಡ್ಡಾಡಾಕಿ. ಏನರೆ ಮಾಡವ್ವಾ. ಸತ್ತರ ಸಾಯಲಿ, ನರಳಿ ಸಾಯೂದು ಬ್ಯಾಡ."

ಮರುದಿನ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯ ಬಾಯಿಗೆ ಅರಿವೆ ಕಟ್ಟಿ, ಇಬ್ಬರೂ ಎಸ್‌ಟಿ ಬಸ್ಸು ಹತ್ತಿದೆವು. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಒಬ್ಬ ದನದ ಡಾಕ್ಟರಿದ್ದರು. ಎತ್ತು, ಎಮ್ಮೆ, ನಾಯಿ ನೋಡಿ ಪಳಗಿದವರು. ಬೆಕ್ಕು ಕಂಡು ನಕ್ಕರು. "ಬೆಕ್ಕಿಗಿ ಆಪರೇಷನ್? ಬಾಕಿ ಮಂದಿ ಚೀಲದಾಗ ಹಾಕಿ ಹಳ್ಳದ ಆಚಿ ಬಿಟ್ಟು ಬರ್ತಾರ್ರಿ." ಆದರೂ ಒಪ್ಪಿದರು. ಮೈ ಅಲುಗಾಡದಂತೆ ಮಾಡುವ ಒಂದು ಸೂಜಿ ಚುಚ್ಚಿ ಕಾಲು ಕತ್ತರಿಸಿ ಹೊಲಿದರು. ಮತ್ತಿನಲ್ಲಿದ್ದರೂ ಅಷ್ಟು ಹೊತ್ತೂ ಬೆಕ್ಕಿನ ಕಣ್ಣು ತೆರೆದೇ ಇತ್ತು.

"ಎಚ್ಚರಾದ ಮ್ಯಾಲ ನೋವಿಗೇನು ಕೊಡ್ತೀರಿ, ಡಾಕ್ಟರ್?" ಅಂದೆ.

"ಏನಿಲ್ರಿ ಸಿಸ್ಟರ್. ತಾನಾ ಆರಾಮ ಆಗತದ."

"ಪೆಥಿಡಿನ್ ಕೊಟ್ಟರ?" ಅದು ಅಫೀಮಿನ ಜಾತಿಯ ಔಷಧ. ನಮ್ಮ ವಾರ್ಡಿನಲ್ಲಿ ಹೊಟ್ಟೆ ಕೊಯ್ಸಿಕೊಂಡವರಿಗೆ ಅದೇ ಆಧಾರ.

ಅವರು ಕೈ ಅಲ್ಲಾಡಿಸಿದರು. "ಆ ಜಾತಿ ಔಷಧ ಬೆಕ್ಕಿಗಿ ನಡೆಯಂಗಿಲ್ಲ. ಹುಚ್ಚು ಹಿಡೀತದ, ಗ್ವಾಡಿ ಹತ್ತತದ. ನಾ ಕಣ್ಣಾರೆ ನೋಡೀನಿ. ನಾಯಿಗಿ ಕೊಡೂ ಅಷ್ಟ ಕೊಟ್ಟಿದ್ದೆ."

ನಾಯಿಗೆ ಕೊಡುವಷ್ಟು! ಕೂಸುಗಳ ತೂಕ ನೋಡಿ ಹನಿ ಹನಿ ಅಳೆದು ಕೊಟ್ಟವಳು ನಾನು. ತಪ್ಪು ಔಷಧದಲ್ಲಲ್ಲ, ಅಳತೆಯಲ್ಲಿ ಅಂತ ಕೂತಲ್ಲೇ ತಿಳಿಯಿತು. ಆದರೆ ಡಾಕ್ಟರಿಗೆ ನರ್ಸು ಎದುರಾಡುವುದು ಎಲ್ಲಾದರೂ ಉಂಟೇ? ಬುಟ್ಟಿಯ ಬಾಯಿಗೆ ಅರಿವೆ ಬಿಗಿದು ಕಟ್ಟಿ ಎದ್ದೆ.

ಮನೆಗೆ ಬಂದ ಬೆಕ್ಕು ಒದರಲಿಲ್ಲ. ಗೋಡೆಗೆ ಮುಖ ಮಾಡಿ, ಬೆನ್ನು ಬಾಗಿಸಿ ಕೂತು ಗುರ್ ಗುರ್ ಅನ್ನುತ್ತಿತ್ತು. ಅತ್ತೆಗೆ ಹಿಗ್ಗು. "ನೋಡು, ಜಪ ಮಾಡಾಕತ್ತದ. ಆರಾಮದ." ನಾನು ಅದರ ಉಸಿರು ಎಣಿಸಿದೆ, ಏದುತ್ತಿತ್ತು. ಕಣ್ಣಿನ ಪಾಪೆ ಬಿಸಿಲಲ್ಲೂ ಅಗಲವಾಗಿಯೇ ಇತ್ತು. ಬೆರಳು ತಾಗಿದರೆ ಮೈಯೆಲ್ಲ ನಡುಕ. ವಾರ್ಡಿನಲ್ಲೂ ಹೀಗೇ: ಒದರಿದವರಿಗೆ ಮೊದಲು ಸೂಜಿ, ಹಲ್ಲು ಕಚ್ಚಿ ಮಲಗಿದವರನ್ನು ಯಾರೂ ಕೇಳುವುದಿಲ್ಲ.

ಮರುದಿನ ಕೆಲಸದಲ್ಲಿ, ಹರ್ನಿಯಾ ಆಪರೇಷನ್ ಆದ ಮುದುಕನಿಗೆ ಅರ್ಧ ಶೀಸೆ ಪೆಥಿಡಿನ್ ಬರೆದಿದ್ದರು. ಉಳಿದ ಅರ್ಧವನ್ನು ಇನ್ನೊಬ್ಬ ಸಿಸ್ಟರ್ ಕಣ್ಣೆದುರು ಮೋರಿಗೆ ಚೆಲ್ಲಬೇಕು, ಅವರು ಸಹಿ ಮಾಡಬೇಕು. ಅದು ನಮ್ಮಲ್ಲಿಯ ಪದ್ಧತಿ. ಅಂದು ಜೊತೆಗಿದ್ದ ಹಿರಿಯ ಸಿಸ್ಟರ್ ಮಂದ್ರೂಪದ ಕಡೆಯವರು, ಸ್ವತಃ ಬೆಕ್ಕು ಸಾಕಿದವರು. ಬೆಳಿಗ್ಗೆಯೇ ಅವರ ಮುಂದೆ ಎಲ್ಲ ಹೇಳಿಕೊಂಡು ಅತ್ತಿದ್ದೆ. ಅವರು ನನ್ನ ಕೈಯಲ್ಲಿ ಅರ್ಧ ಉಳಿದ ಸಿರಿಂಜ್ ನೋಡಿದರು, ನನ್ನ ಮುಖ ನೋಡಿದರು. "ನಾ ಕಿಡಕಿ ಹಾಕಿ ಬರ್ತೀನಿ" ಅಂದು ಬೆನ್ನು ತಿರುಗಿಸಿ ಹೋದರು. ಬೇಕಂತಲೇ ಹೊತ್ತು ಮಾಡಿದರು.

ಎರಡು ಹನಿ ಸಾಕಿತ್ತು ಆ ಬೆಕ್ಕಿಗೆ. ನೌಕರಿ ನೆನಪಾಯಿತು, ಪೊಲೀಸರು ನೆನಪಾದರು, ಗಂಡನ ಮುಖ ನೆನಪಾಯಿತು. ಆಮೇಲೆ ಆ ದನದ ಡಾಕ್ಟರ ಮಾತನ್ನು ನಾನೇ ನೆನಪಿಗೆ ತಂದುಕೊಂಡೆ: ಹುಚ್ಚು ಹಿಡಿಯುತ್ತದೆ. ಥೂ, ಅಂಜುಬುರುಕಿಗೆ ಅಷ್ಟು ನೆಪ ಸಾಕಲ್ಲ! ಒತ್ತಿಬಿಟ್ಟೆ. ಎಲ್ಲ ಮೋರಿಗೆ ಹೋಯಿತು. ಹಿರಿಯ ಸಿಸ್ಟರ್ ತಿರುಗಿ ಬಂದು ಮೋರಿ ನೋಡಿ, "ಹೂಂ" ಅಂದು ಸಹಿ ಮಾಡಿದರು. ಮತ್ತೆಂದೂ ಆ ವಿಷಯ ತೆಗೆಯಲಿಲ್ಲ.

ಬೆಕ್ಕು ಇನ್ನೂ ಎರಡು ದಿನ ಗುರ್ ಗುರ್ ಅಂದಿತು. ಮೂರನೆಯ ದಿನ ಮಧ್ಯಾಹ್ನ ಅತ್ತೆಯ ಸೆರಗಿನ ಮೇಲೆ ತಲೆಯಿಟ್ಟು ಸತ್ತಿತು. ಹಿತ್ತಲಲ್ಲಿ ಮಣ್ಣು ಮಾಡಿ ಬಂದು, ಕೈ ಸಹ ತೊಳೆಯದೆ ಅತ್ತೆ ನನ್ನ ಮುಂದೆ ಕುಸಿದು ಕೂತರು.

"ನೀ ನರ್ಸ್ ಇದ್ದಿ, ಖರೆ ಹೇಳು. ಅದಕ್ಕ ತ್ರಾಸ ಆಗಲಿಲ್ಲ, ಹೌದಲ್ಲ?"

"ಇಲ್ರಿ ಅತ್ತಿ. ಒಂದೀಟೂ ಆಗಲಿಲ್ಲ."

ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಅವರು ನನ್ನ ಮಾತು ನಂಬಿದ್ದು ಅವತ್ತೇ ಮೊದಲು.