ತವರಿನ ನಂಬರು

ನಮ್ಮ ಮನೆ ಮುಳಬಾಗಿಲು ದಾಟಿ ಗಡಿಗೆ ಹೋಗುವ ರಸ್ತೆಯ ದಿಣ್ಣೆಯ ಮೇಲಿತ್ತು. ಏರು ಹತ್ತಿದ ಬಸ್ಸುಗಳೆಲ್ಲ ಬುಸುಗುಟ್ಟುತ್ತಾ ನಮ್ಮ ಬಾವಿಯ ಬಳಿ ನಿಲ್ಲುತ್ತಿದ್ದವು. ರೇಡಿಯೇಟರಿಗೆ ನೀರು ಬೇಕಲ್ಲ! ಬಾವಿ ಎಲ್ಲರಿಗೂ ಒಂದೇ, ಅಮ್ಮನ ಉಪಚಾರ ಮಾತ್ರ ನಂಬರ್ ಪ್ಲೇಟ್ ನೋಡಿಕೊಂಡು.

ಆಗ ಪ್ಲೇಟಿನ ಮೊದಲೆರಡು ಇಂಗ್ಲಿಷ್ ಅಕ್ಷರ ಬಸ್ಸು ಯಾವ ಸೀಮೆಯದೆಂದು ಹೇಳುತ್ತಿದ್ದವು, ಮೂರನೆಯದು ಜಿಲ್ಲೆ, ಆಮೇಲೆ ಅಂಕಿ. ಮೈಸೂರಿಗೂ ಮದ್ರಾಸಿಗೂ ಮೊದಲಕ್ಷರ ಎಂ. ಎರಡನೆಯದು ನಮಗೆ ವೈ, ಅವರಿಗೆ ಡಿ. ಓದು ಬಾರದ ಅಮ್ಮನಿಗೆ ವೈ ಎಂದರೆ ಕವೆಕೋಲು, ಡಿ ಎಂದರೆ ಅರ್ಧ ಹೋಳಿಗೆ. ಹೋಳಿಗೆ ಬಂದರೆ ತಾನೇ ಹಗ್ಗ ಹಿಡಿದು ನೀರು ಸೇದಿಕೊಡುವಳು. ಕೋಲಿನವರಿಗೆ, "ಕೈಯಿಲ್ವಾ? ಸೇದ್ಕೊಳ್ರಿ!" ಅವರು ಅಪ್ಪನಿಗೆ ದೂರು ಕೊಟ್ಟರೆ ಅಪ್ಪ, "ನಾನೂ ಕೋಲಿನವನೇ ಕಣಪ್ಪ, ನಂಗೂ ಇದೇ ಮರ್ಯಾದೆ" ಎನ್ನುತ್ತಿದ್ದರು.

ಅಮ್ಮ ಗಡಿಯಾಚೆ, ಆಗ ಮದ್ರಾಸಿಗೆ ಸೇರಿದ್ದ ಪಲಮನೇರಿನ ಕಡೆಯವಳು. ಮದ್ರಾಸಿನ ಒಂದು ಬಸ್ಸು ಅವಳ ತವರಿನ ಮುಂದೆಯೇ ಹಾದುಬರುತ್ತಿತ್ತು. "ಮಾ ಅಮ್ಮ ಬಾಗುಂದಾ?" ಎಂದು ಡ್ರೈವರನ್ನು ತೆಲುಗಿನಲ್ಲಿ ಕೇಳುವಳು. ರಸ್ತೆಬದಿ ಕಾದು ನಿಂತಿರುತ್ತಿದ್ದ ಅಜ್ಜಿ ಚೆನ್ನಾಗಿದ್ದಾಳೆಂದು ಅವನು ಹೇಳಿದರೆ ಆ ದಿನ ಅಮ್ಮನ ಸಾರಿಗೂ ರುಚಿ ಬರುತ್ತಿತ್ತು. ನಾನು ನಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ನಾನೇ ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋದಾಗ ನನ್ನ ನಗು ನಿಂತಿತು.

ಎರಡನೇ ಮಹಾಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಆಯಿತು. ಆ ಬಸ್ಸು ಬರುವುದು ನಿಂತೇಹೋಯಿತು. ಸದ್ದು ಕೇಳಿದಾಗಲೆಲ್ಲ ಅಮ್ಮ ಹೊರಗೋಡಿ, ಸುಮ್ಮನೆ ಒಳಗೆ ಬರುತ್ತಿದ್ದಳು.

ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅದೇ ಬಸ್ಸು ಬಂತು. ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡಿಸಲು ಬೆನ್ನಿಗೆ ಡ್ರಮ್ಮು ಕಟ್ಟಿದ್ದರೂ ಸೊಟ್ಟ ಮಡ್‌ಗಾರ್ಡಿನಿಂದ ಗುರುತು ಹಿಡಿದೆವು. ಅಮ್ಮ ಕೊಡ ಹಿಡಿದು ಓಡಿದಳು, ಪ್ಲೇಟಿನ ಮುಂದೆ ನಿಂತುಬಿಟ್ಟಳು. ಕವೆಕೋಲು!

ಹೊಸ ಡ್ರೈವರ್ ಹೇಳಿದ: "ಕೋಲಾರದವ್ರು ಕೊಂಡ್ಕೊಂಡ್ರಮ್ಮ. ಇಲ್ಲಿಗೆ ಬಂದ್ಮೇಲೆ ಇಲ್ಲೀ ನಂಬರ್ರೇ ಹಾಕ್ಬೇಕಲ್ಲ. ಗಡಿತಂಕ ಹೋಗಿ ವಾಪಸ್ ಬರ್ತೀವಿ, ಆ ಕಡೆ ಹೋಗಲ್ಲ."

ಅಮ್ಮ ಸೆರಗಿನಿಂದ ಪ್ಲೇಟಿನ ಧೂಳು ಒರೆಸಿದಳು. ಹೊಸ ಬಣ್ಣದ ಅಡಿಯಲ್ಲಿ ಅರ್ಧ ಹೋಳಿಗೆ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ನಿನ್ನೂ ಇಲ್ಲಿಗೇ ಕೊಟ್ಬಿಟ್ರೇನೇ?" ಎಂದು ಬಸ್ಸನ್ನೇ ಕೇಳಿದಳು. ಆಮೇಲೆ ಬಾವಿಗೆ ಹೋಗಿ ತಾನೇ ನೀರು ಸೇದತೊಡಗಿದಳು.