ಬೇಲಿಗೆ ಬಂದ ಎರಡು ಗೂಟ

ಕಳೆದ ವಾರ ನಮ್ಮ ಹಿತ್ತಲ ಬೇಲಿಗೆಂದು ಹಸಿ ಗೂಟಗಳ ಹೊರೆ ಬಂದು ಬಿತ್ತು. ಕತ್ತಿಯಿಂದ ತುದಿ ಚೂಪು ಮಾಡುವಾಗ ಏಳುವ ಹಸಿ ತೊಗಟೆಯ ವಾಸನೆ ಅಡುಗೆಮನೆಯ ತನಕ ಬಂತು. ಒಲೆಯ ಮೇಲಿನ ಹಾಲು ಇಳಿಸಿ, ಕಿಟಕಿ ಮುಚ್ಚಿದೆ. ಇಷ್ಟು ವರ್ಷವಾದರೂ ಆ ವಾಸನೆ ನನ್ನಿಂದ ತಡೆಯಲಾಗುವುದಿಲ್ಲ...

ಕೊಪ್ಪದ ಅಂಚಿನ ಈ ಮನೆಗೆ ನಾವು ಬಂದದ್ದು ಎರಡು ಸಾವಿರದ ಮೂರರಲ್ಲೋ ನಾಲ್ಕರಲ್ಲೋ. ನಮ್ಮ ಹಿತ್ತಲಿಗೆ ಬೆನ್ನು ತಾಗಿಸಿಕೊಂಡ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸು ಮಗ, ಸೊಸೆಯ ಜೊತೆ ಇದ್ದರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ನಡುವಿನ ಬೇಲಿ ಗೆದ್ದಲು ತಿಂದು ಮಲಗಿತ್ತು. ಅದನ್ನು ಚಿಗುರುವ ಗೂಟಗಳಿಂದಲೇ ಹೊಸದಾಗಿ ಕಟ್ಟೋಣ ಎಂದು ಮಾತಾಯಿತು. ಗಿಡ ಆರಿಸುವುದು ಅಮ್ಮನ ಪಾಲು, ಆಳು ಹಿಡಿದು ಮಾಡಿಸುವುದು ನನ್ನ ಪಾಲು.

ಅಮ್ಮ ಮನೆಗೆ ಸೊಸೆ ತರುವವರ ಹಾಗೆ ಮರಗಳ ಗುಣ ವಿಚಾರಿಸುತ್ತಿದ್ದರು. ಬೇಗ ಬೆಳೆಯುತ್ತದಲ್ಲ ಎಂದು ನಾನು ಅಕೇಶಿಯಾ ಎಂದೆ.

"ಅದು ಬೇಡ ಮಾರಾಯ್ತಿ. ಮೂಲೇಲಿ ಜಾಗ ಕೊಟ್ರೆ ನಾಳೆ ಹಿತ್ಲೇ ನಂದು ಅಂತದೆ."

ಹಾಗಾದರೆ ಸಿಲ್ವರ್ ಓಕ್ ಎಂದೆ.

"ಗಾಳಿ ಬಂದಾಗ ಯಾರ ಹೆಂಚಿನ ಮೇಲೆ ಮಲಗ್ತೀಯ ಅಂತ ಅದನ್ನೇ ಕೇಳಿ ನೆಡು."

ಬಿದಿರು ಎಂದಾಗ ನಕ್ಕೇಬಿಟ್ಟರು. "ಹಾವಿಗೆ ಬಾಡಿಗೆ ಮನೆ ಕಟ್ಸು. ತಿಂಗ್ಳಾದ ಮೇಲೆ ವಸೂಲಿಗೆ ನೀನೇ ಹೋಗು."

ಕೊನೆಗೆ ಒಪ್ಪಿದ್ದು ಗೂಟ ನೆಟ್ಟರೆ ಚಿಗುರುವ ಗೊಬ್ಬರದ ಗಿಡ, ನಡುನಡುವೆ ದಾಸವಾಳ, ಮೂಲೆಗೊಂದು ನೆಲ್ಲಿ. ಕಡಿದರೆ ಮುನಿಯುವುದಿಲ್ಲ, ಬಿಟ್ಟರೆ ಹಾರಾಡುವುದಿಲ್ಲ, ಬೇಲಿಗೆ ಇಂಥ ಮರ್ಯಾದಸ್ಥರೇ ಆಗಬೇಕು ಎಂದರು.

ಅಮ್ಮನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಒಂದು ಕಣ್ಣು ಪೂರ್ತಿ ಮಬ್ಬು, ಇನ್ನೊಂದರಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಅದಕ್ಕೇ ಅವರು ಹೆಬ್ಬೆರಳ ಉಗುರಿನಿಂದ ತೊಗಟೆ ಕೆರೆದು, ಮೂಗಿಗೆ ಹಿಡಿದು ಗಿಡದ ಹೆಸರು ಹೇಳುತ್ತಿದ್ದರು. ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಮಳೆಗಾಲ ಹಿಡಿಯುವ ಮುಂಚಿನ ವಾರ ಕೆಲಸ ಮುಗಿಯಿತು. ಆಳು ಕತ್ತಿ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಎರಡು ಗೂಟ ಕಮ್ಮಿ ಬಿತ್ತು ಅಕ್ಕ. ಗುಡ್ಡದ ಬದೀಲಿ ಸಿಕ್ಕಿದ್ದನ್ನ ಕಡ್ಕಂಡು ಬಂದೆ. ಚೇರು ಅಂತ ಕಾಣ್ತದೆ. ನಂಗೇನೂ ಆಗಲ್ಲ, ನೀವು ಮುಟ್ಬೇಡಿ. ಎರಡು ಮಳೆ ಬಿದ್ರೆ ಸೊನೆ ತೊಳೆದು ಹೋಗ್ತದೆ."

ಚೇರಿನ ಸೊನೆ ಎಂದರೆ ಏನೆಂದು ಈ ಕಡೆಯ ಮಕ್ಕಳಿಗೂ ಗೊತ್ತು. ಕೆಲವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ತಾಗಿದಲ್ಲೆಲ್ಲ ಗುಳ್ಳೆ ಎದ್ದು ಮೈ ಬಾತುಕೊಳ್ಳುತ್ತದೆ. ಕಿತ್ತು ಹಾಕು ಎನ್ನಬೇಕಿತ್ತು. ಆದರೆ ಆಳು ಸಿಕ್ಕುವುದೇ ಕಷ್ಟವಾಗಿದ್ದ ದಿನಗಳು. ಇನ್ನೊಂದು ದಿನ ಎಳೆಯುವುದು ಬೇಡವೆನ್ನಿಸಿತು. ಇರಲಿ ಎಂದೆ. ನನ್ನ ಮಕ್ಕಳನ್ನು ಕರೆದು ಆ ಕಡೆ ಸುಳಿಯಬೇಡಿ ಎಂದೆ. ಬೇಲಿಯಾಚೆಗೆ ಸಂಜೆ ಹೇಳಿದರಾಯಿತು ಎಂದುಕೊಂಡೆ.

ಸಂಜೆ ನಾನು ಹೋಗುವಷ್ಟರಲ್ಲಿ ಅಮ್ಮ ಬೇಲಿಯ ಕೊನೆಯಲ್ಲಿದ್ದರು. "ಎಲ್ಲಾರ ಹಾಜರಿ ತಗಂಡೆ. ಇವೆರಡು ಮಾತ್ರ ಯಾವ ಊರಿನವೋ ತಿಳೀಲಿಲ್ಲ," ಎನ್ನುತ್ತ ಕಣ್ಣುಜ್ಜಿಕೊಂಡರು. ಅವರ ಹೆಬ್ಬೆರಳ ಉಗುರು ಸೊನೆ ತಾಗಿ ಕಪ್ಪಾಗಿತ್ತು.

ಕೈ ಮುಖ ತೊಳ್ಕೊಳ್ಳಿ ಅಮ್ಮ, ಸೋಪು ಹಾಕಿ ತೊಳ್ಕೊಳ್ಳಿ ಎಂದೆ. ಯಾಕೆಂದು ಹೇಳಲಿಲ್ಲ...

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರ ಮುಖ ಗುರುತು ಸಿಕ್ಕದಷ್ಟು ಊದಿತ್ತು. ಎರಡೂ ಕಣ್ಣು ಮುಚ್ಚಿಹೋಗಿದ್ದವು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಬಾವು ಇಳಿಯದೆ ಕಣ್ಣಿನ ವಿಷಯ ಏನೂ ಹೇಳಲಾಗದು ಎಂದರು ಡಾಕ್ಟರು. ಅಮ್ಮನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಚೇರು ತಾಗಿದವರು ತಾರೆ ಮರಕ್ಕೆ ಸುತ್ತು ಬಂದು ಅದರ ತೊಗಟೆ ಅರೆದು ಹಚ್ಚಿಕೊಳ್ಳುವುದು ಇಲ್ಲಿಯ ರೂಢಿ. ಸೊಸೆ ಆಟೋ ತರಿಸಿದಳು. ಪಕ್ಕದ ನಾರ್ವೆ ಊರಿನ ಕಡೆಯ ರಸ್ತೆಯಲ್ಲಿ ಒಂದು ದೊಡ್ಡ ತಾರೆ ಮರವಿತ್ತು. ಸೊಸೆ ತೊಗಟೆ ಕೆತ್ತಲು ನಿಂತಳು. ಅಮ್ಮನ ಕೈ ಹಿಡಿದು ಸುತ್ತು ಹಾಕಿಸಿದವಳು ನಾನು. ಬೇರು ಎಡವದಂತೆ ಒಂದೊಂದೇ ಹೆಜ್ಜೆ.

"ನಿನ್ನ ಕೈ ಎಂತಕ್ಕೆ ನಡುಗ್ತದೆ? ಕಣ್ಣು ಹೋಗೋದಾದ್ರೆ ನಂದಲ್ವನೆ."

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಅಂದರು: "ಆ ಆಳಿಗೆ ಬೈಬೇಡ. ಪಾಪ, ನೋಡದೆ ತಂದಿರ್ತಾನೆ. ಗೊತ್ತಿದ್ರೆ ಹೇಳ್ದೆ ಇರ್ತಿದ್ನಾ?"

ಉಳಿದ ಎರಡು ಸುತ್ತು ನಾನು ಹೇಗೆ ಬಂದೆನೋ ತಿಳಿಯದು.

ಮನೆಗೆ ಬಂದವಳೇ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆ ಗೂಟಗಳನ್ನು ಕಿತ್ತು ದೂರದ ಹಳ್ಳದಲ್ಲಿ ಹೂತೆ. ನಾಲ್ಕು ದಿನ ಪಾತ್ರೆ ಬೆಳಗುವಾಗ, ಅಕ್ಕಿ ಆರಿಸುವಾಗ ಕಿವಿಯೆಲ್ಲ ಆ ಮನೆಯ ಕಡೆ. ಸೊಸೆ ಹಿತ್ತಲಿಗೆ ಬಂದರೆ ಕೈಕೆಲಸ ಬಿಟ್ಟು ಒಳಗೆ ಸರಿಯುತ್ತಿದ್ದೆ. ಕಣ್ಣು ಹೋಯಿತು ಎನ್ನುತ್ತಾಳೋ, ನಿಮಗೆ ಗೊತ್ತಿತ್ತಂತೆ ಎನ್ನುತ್ತಾಳೋ... ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದ್ದೆ ಎಂದು ಇವತ್ತು ಕೇಳಿದರೂ ಹೇಳಲಾರೆ. ಐದನೆಯ ದಿನ ಬಾವು ಇಳಿದು ಕಣ್ಣು ತೆರೆಯಿತು. ಮೊದಲು ಕಾಣುತ್ತಿದ್ದಷ್ಟು ಕಂಡಿತು.

ಅಮ್ಮ ಆಮೇಲೆ ಯಾವ ಗಿಡವನ್ನೂ ಕೆರೆಯಲಿಲ್ಲ. ಬೇಲಿಯಿಂದ ಎರಡು ಮಾರು ದೂರವೇ ನಿಂತು ನನ್ನನ್ನು ಕರೆಯುತ್ತಿದ್ದರು. "ನೀನೇ ನೋಡಿ ಹೇಳು. ನಿನ್ನ ಕಣ್ಣಿದ್ರೆ ಸಾಕು ನಂಗೆ." ನಾನು ನೋಡಿ ಹೇಳುತ್ತಿದ್ದೆ. ಚಿಗುರು ಬಂದಿದೆ ಅಮ್ಮ, ದಾಸವಾಳ ಮೊಗ್ಗಾಗಿದೆ ಅಮ್ಮ... ಆ ಒಂದು ಮಾತು ಬಿಟ್ಟು ಎಲ್ಲ ಹೇಳಿದೆ.

ಮಗನ ಕೆಲಸದ ನಿಮಿತ್ತ ಅವರು ನರಸಿಂಹರಾಜಪುರಕ್ಕೆ ಹೋದರು. ಕೆಲವು ವರ್ಷಗಳ ಮೇಲೆ ಜಯಪುರದಲ್ಲಿ ಬಸ್ಸಿಗೆ ಕಾಯುವಾಗ ಸೊಸೆ ಸಿಕ್ಕಿ, ಅತ್ತೆ ತೀರಿಹೋಗಿ ಆರು ತಿಂಗಳಾಯಿತು ಎಂದಳು. ಕೇಳಿದೊಡನೆ ನನ್ನೊಳಗೆ ಮೊದಲು ಎದ್ದದ್ದು ದುಃಖವಲ್ಲ. ಇನ್ನು ಅವರು ಕೇಳುವುದಿಲ್ಲ ಎಂಬ ನೆಮ್ಮದಿ. ಅಳು ಬಂದದ್ದು ಬಸ್ಸು ಹತ್ತಿ ಕೂತ ಮೇಲೆ. ಆ ನೆಮ್ಮದಿಯನ್ನು ನೆನೆದರೆ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.

ನಿನ್ನೆ ಹೊಸ ಬೇಲಿಯ ಕೆಲಸ ಮುಗಿಯಿತು. ಸಂಜೆ ಒಬ್ಬಳೇ ಹೋಗಿ ನಿಂತೆ. ಅಮ್ಮ, ಅದು ಚೇರು ಅಂತ ನಂಗೆ ಗೊತ್ತಿತ್ತು... ಮೆಲ್ಲಗೆ ಹೇಳಿ ನೋಡಿದೆ. ಆ ಮನೆಗೆ ಈಚೆಗೆ ಬಂದಿರುವ ಹೆಂಗಸು ಆಚೆ ಬಟ್ಟೆ ಒಣಗಿಸುತ್ತಿದ್ದದ್ದು ನನಗೆ ಕಂಡಿರಲಿಲ್ಲ.

"ಎಂತ ಅಂದ್ರಿ?" ಎಂದರು.

ಏನಿಲ್ಲ ಎಂದೆ.