ನಾಲ್ಕನೇ ಚುಕ್ಕಿ

ಆ ಶನಿವಾರ ಮಧ್ಯಾಹ್ನ ನಾವಿಬ್ಬರೂ ಬಾಲ್ಕನಿಯಲ್ಲಿ ಕೂತು ತಂತಿ ಬಗ್ಗಿಸುತ್ತಿದ್ದೆವು. ನಾವಿಬ್ಬರೂ ಎಂದೆ, ಆದರೆ ಬಗ್ಗಿಸುತ್ತಿದ್ದವಳು ನಾನು. ನನ್ನ ಗಂಡ ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಿದ್ದರು. ಸೈನ್ಯದ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಕೈ ಅವರದು. ನಿವೃತ್ತಿಯಾಗಿ ದೆಹಲಿಯ ದ್ವಾರಕಾದ ಈ ಮೂರನೇ ಮಹಡಿಗೆ ಬಂದ ಮೇಲೆ ಬಲಗೈ ನಡುಗಲು ಶುರುವಾಯಿತು. ಇಕ್ಕಳ ಹಿಡಿಯುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಅವರಿಗೆ ಮೀನು ಹಿಡಿಯುವ ಹುಚ್ಚು ಕೊಡಗಿನಲ್ಲಿ ಹೊಳೆಯ ಪಕ್ಕ ಹುಟ್ಟಿದಾಗಿನಿಂದ ಇತ್ತು. ಇಲ್ಲಿ ಸಿಕ್ಕಿದ್ದು ಘಾಜಿಯಾಬಾದ್ ದಾಟಿದ ಮೇಲಿನ ಒಂದು ಕಾಲುವೆ. ಆ ನೀರಿಗೆ ಅವರು ಸ್ಪಿನ್ನರ್‌ಬೈಟ್ ಎಂಬ ತಂತಿಯ ಗಾಳ ಬಿಟ್ಟು ಬೇರೆ ಏನನ್ನೂ ಹಾಕುತ್ತಿರಲಿಲ್ಲ. ನೋಡಲು ಅದು ಬಿಚ್ಚಿದ ಸೇಫ್ಟಿ ಪಿನ್ನಿನ ಹಾಗಿರುತ್ತದೆ. ಬಗ್ಗಿಸಿದ ತಂತಿಯ ಕೆಳಗಿನ ಕೈಯಲ್ಲಿ ಸೀಸದ ತಲೆ, ಕೊಕ್ಕೆ, ರಬ್ಬರಿನ ಕುಚ್ಚು. ಮೇಲಿನ ಕೈಯ ತುದಿಯಲ್ಲಿ ಗರಗರ ತಿರುಗುವ ತಾಮ್ರದ ಎಲೆ. ದಾರ ಕಟ್ಟುವುದು ನಡುವಿನ ಬಾಗಿನಲ್ಲಿ. ಎಳೆದಾಗ ಎಲೆ ತಿರುಗುತ್ತದೆ, ತಂತಿ ನಡುಗುತ್ತದೆ, ಆ ನಡುಕಕ್ಕೆ ಮೀನು ಬರುತ್ತದೆ.

ದಪ್ಪ ತಂತಿ ಬಹಳ ದಿನ ಬಾಳುತ್ತದೆ, ಆದರೆ ನಡುಗುವುದಿಲ್ಲ. ಸಣ್ಣ ತಂತಿ ಚೆನ್ನಾಗಿ ನಡುಗುತ್ತದೆ, ಬೇಗ ಸೋಲುತ್ತದೆ. ಅವರಿಗೆ ಬೇಕಿದ್ದದ್ದು ಸಣ್ಣದೇ. ಒಮ್ಮೆ ನಾನು ಬೈದಿದ್ದಕ್ಕೆ, "ಅಷ್ಟು ಕಷ್ಟ ಯಾಕೆ, ನನ್ನ ಕೈಯನ್ನೇ ನೀರಿಗೆ ಇಳಿಬಿಡ್ತೀನಿ, ಎಲ್ಲಾ ಮೀನೂ ಬರ್ತವೆ" ಎಂದು ನಕ್ಕಿದ್ದರು.

ಸಣ್ಣ ತಂತಿಗೆ ಅವರದೊಂದು ಕಟ್ಟುನಿಟ್ಟು ಇತ್ತು. ಮೀನು ಎಳೆದು ಮೇಲಿನ ಕೈ ಸೊಟ್ಟಗಾದರೆ ಬೆರಳಿನಿಂದ ನಿಧಾನವಾಗಿ ನೇರ ಮಾಡಬೇಕು, ಇಕ್ಕಳ ಮುಟ್ಟಿಸಬಾರದು. ನೇರ ಮಾಡಿದ ಪ್ರತಿ ಸಲವೂ ಸೀಸದ ತಲೆಯ ಕೆಳಗೆ ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕಿ ಇಡಬೇಕು. ಮೂರು ಚುಕ್ಕಿಯಾದ ಮೇಲೆ ಮತ್ತೆ ಸೊಟ್ಟಗಾದರೆ ಆ ತಂತಿ ಕಸಕ್ಕೆ. ಎಲೆ, ಕುಚ್ಚು, ತಲೆ ಮಾತ್ರ ಹೊಸ ತಂತಿಗೆ. ಬಗ್ಗಿದ ಜಾಗವನ್ನು ಮತ್ತೆ ಮತ್ತೆ ಬಗ್ಗಿಸಿದರೆ ಒಳಗೆ ಕಾಣದ ಬಿರುಕು ಬೆಳೆಯುತ್ತದೆ ಎಂದು ಹೇಳಿಕೊಟ್ಟಿದ್ದರು. ಒಂದೇ ಏಟಿಗೆ ಎಳೆದು ಕಿತ್ತುಹೋದ ತಂತಿಯ ತುದಿ ಸೂಜಿಯ ಹಾಗೆ ಸಣ್ಣಗಾಗಿರುತ್ತದೆ. ದಣಿದು ಮುರಿದದ್ದು ಮೂಲಂಗಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿರುತ್ತದೆ. ಎರಡನ್ನೂ ಭೂತಗನ್ನಡಿಯಲ್ಲಿ ತೋರಿಸಿದ್ದರು.

ಆ ಶನಿವಾರ ಕೆಲಸಕ್ಕಿದ್ದದ್ದು ಅವರಿಗೆ ಬಹಳ ಇಷ್ಟದ, ಅಂಚು ಸ್ವಲ್ಪ ನೆಗ್ಗಿದ ತಾಮ್ರದೆಲೆಯ ಬೈಟ್. ಮೂರು ಚುಕ್ಕಿಯಾಗಿತ್ತು, ಮತ್ತೆ ಸೊಟ್ಟಗಾಗಿತ್ತು. ಹೊಸ ತಂತಿ ಹಾಕಿಡು, ನಾಳೆ ಅದೇ ಬೇಕು ಎಂದು ಹೇಳಿ ಅವರು ಮಲಗಲು ಹೋದರು. ಸುರುಳಿಯಲ್ಲಿ ಉಳಿದಿದ್ದದ್ದು ಎರಡು ಬೈಟಿಗಾಗುವಷ್ಟು ತಂತಿ. ಮೊದಲನೆಯದರ ಬಾಗು ಓರೆಯಾಯಿತು. ಎರಡನೆಯದನ್ನು ಅಳತೆ ತಪ್ಪಿ ಗಿಡ್ಡ ಕತ್ತರಿಸಿದೆ. ಎದ್ದು ಬಂದು ಗೇಲಿ ಮಾಡುತ್ತಾರೆಂದು ಹೇಳಲಿಲ್ಲ. ಹಳೆಯ ತಂತಿಯನ್ನೇ ಇಕ್ಕಳದಲ್ಲಿ ಹಿಡಿದು ನೇರ ಮಾಡಿದೆ. ರಿಮೂವರ್ ಹಾಕಿ ಮೂರು ಚುಕ್ಕಿಗಳನ್ನೂ ಒರೆಸಿ, ಹೊಸ ಕುಚ್ಚು ಕಟ್ಟಿದೆ. ಅದು ಹೊಸದರ ಹಾಗೇ ಹೊಳೆಯಿತು.

ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ ಕಟ್ಟಿ ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೊಸ ತಂತಿ ಹಾಕಿದ್ಯಾ?" ಎಂದು ಕೇಳಿದರು.

"ಹೂಂ" ಅಂದೆ.

ಅವರು ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಏನೋ ಮಾಡುತ್ತಿದ್ದರು. ಆಮೇಲೆ ಕೆಳಗೆ ಹಾರ್ನ್ ಕೇಳಿಸಿತು. ಘಾಜಿಯಾಬಾದಿನಲ್ಲಿರುವ ಅವರ ಗೆಳೆಯರೊಬ್ಬರು ಕಾರು ತಂದಿದ್ದರು. ಅವರೂ ನಮ್ಮ ಕಡೆಯವರೇ, ಸೈನ್ಯದಲ್ಲಿದ್ದವರೇ. ಇವರು ಹೋದರು.

ಹನ್ನೊಂದು ಗಂಟೆಗೆ ಗೆಳೆಯರ ಫೋನ್ ಬಂತು, ಇವರು ಕಾಲುವೆಗೆ ಬಿದ್ದರೆಂದು. ಮುಳುಗಿದವರನ್ನು ಹುಡುಕುವ ಗೋತಾಖೋರರು ಎರಡು ಗಂಟೆಯ ಹೊತ್ತಿಗೆ ಸೇತುವೆಯ ಆಚೆ ಅವರನ್ನು ಮೇಲೆತ್ತಿದರು.

ಗೆಳೆಯರು ಹೇಳಿದ್ದು ಇಷ್ಟು. ಬೈಟ್ ನೀರಿನೊಳಗೆ ಯಾವುದಕ್ಕೋ ಸಿಕ್ಕಿಕೊಂಡಿತ್ತು. ಬಿಡಿಸಲು ಇವರು ಸಿಮೆಂಟಿನ ಇಳಿಜಾರಿನಲ್ಲಿ ಎರಡು ಹೆಜ್ಜೆ ಕೆಳಗೆ ಇಳಿದರು. ಗೆಳೆಯರು ಫ್ಲಾಸ್ಕ್ ತರಲು ಕಾರಿನ ಕಡೆ ತಿರುಗಿದ್ದರು. ಸದ್ದು ಕೇಳಿ ನೋಡಿದಾಗ ಗಾಳದ ಕೋಲು ದಡದಲ್ಲಿತ್ತು, ಇವರು ನೀರಿನಲ್ಲಿದ್ದರು. "ಪಾಚಿ ಇತ್ತು ಅತ್ತಿಗೆ, ಕಾಲು ಜಾರಿರ್ಬೇಕು" ಎಂದರು. ನಾನು ತಲೆಯಾಡಿಸಿದೆ. ಬಿಗಿಯಾಗಿ ಎಳೆಯುತ್ತಿರುವಾಗ ತಂತಿ ಪಟ್ಟನೆ ಮುರಿದರೆ ಆ ಇಳಿಜಾರಿನಲ್ಲಿ ನಿಂತವರ ಕಾಲು ಏನಾಗುತ್ತದೆ ಎಂದು ಅವರನ್ನು ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಹೇಳಿಬಿಡುತ್ತಾರೆಂದು ಹೆದರಿದೆ.

ಕೋಲನ್ನು ಗೆಳೆಯರೇ ತಂದು ಚಪ್ಪಲಿ ಗೂಡಿನ ಪಕ್ಕ ನಿಲ್ಲಿಸಿ ಹೋದರು. ದಾರದ ತುದಿಯಲ್ಲಿ ಏನೋ ತೂಗುತ್ತಿತ್ತು. ನೋಡದೆ ಹಳೆಯ ಬೆಡ್‌ಶೀಟ್ ಸುತ್ತಿ ಒಳಕೋಣೆಯ ಮೂಲೆಗೆ ಇಟ್ಟೆ. ಐದು ತಿಂಗಳು ಆ ಮೂಲೆಯನ್ನು ಗುಡಿಸಲಿಲ್ಲ.

ಆ ಐದು ತಿಂಗಳಲ್ಲಿ ನನಗೆ ತಂತಿ ಎಂಬುದರ ಮೇಲೆಯೇ ಭಯ ಬಂತು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಲ್ಲುತ್ತಿರಲಿಲ್ಲ. ಲಿಫ್ಟ್ ಹತ್ತದೆ ಮೂರು ಮಹಡಿ ನಡೆದೇ ಹತ್ತುತ್ತಿದ್ದೆ. ಮೊಣಕಾಲು ನೋಯುತ್ತದೆ, ಆದರೂ ಯಾಕೆ ಎಂದು ವಾಚ್‌ಮನ್ ಭಯ್ಯಾ ಕೇಳಿದರೆ ವ್ಯಾಯಾಮ ಅನ್ನುತ್ತಿದ್ದೆ. ಒಂದು ದಿನ ತರಕಾರಿಯ ಚೀಲದ ಬಾಯಿಗೆ ಕಟ್ಟಿದ್ದ ತಂತಿಯನ್ನು ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸಿ ಎಣಿಸುತ್ತಾ ಕೂತಿದ್ದೆ. ಹನ್ನೊಂದನೆಯ ಸಲಕ್ಕೆ ಅದು ಮುರಿಯಿತು. ಎದ್ದು ಬಾಗಿಲ ಚಿಲಕ ಹಾಕಿದ್ದೇನೆಯೋ ಇಲ್ಲವೋ ನೋಡಿ ಬಂದೆ. ಯಾರಾದರೂ ಒಳಗೆ ಬಂದು ನನ್ನನ್ನು ಕೇಳುತ್ತಾರೆ ಎನ್ನಿಸುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಮಗಳಿಗೆ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ, ಅಲ್ಲಿಯೇ ವಾಸ, ಭಾನುವಾರ ಬರುತ್ತಾಳೆ. ಅಪ್ಪನಿಗೆ ಅಂಟಿಕೊಂಡೇ ಬೆಳೆದವಳು. ಮೂಲೆ ತೋರಿಸಿ, ಪಪ್ಪನ ರಾಡ್ ಹಾಗೇ ಕೊಳೀತಾ ಇದೆ, ಅಂಕಲ್‌ಗೆ ಕೊಟ್ಟುಬಿಡೋಣ ಎಂದು ಪ್ರತಿ ವಾರ ಹೇಳುತ್ತಿದ್ದಳು. ನಾನು ಏನಾದರೂ ನೆಪ ಹೇಳುತ್ತಿದ್ದೆ. ಕಳೆದ ಭಾನುವಾರ ಅವಳು ಕೇಳಲೇ ಇಲ್ಲ. "ಚಲೋ ಅಮ್ಮಾ, ಬಹುತ್ ಹೋ ಗಯಾ, ಸಾಕಿನ್ನು" ಎಂದು ಬೆಡ್‌ಶೀಟ್ ಎಳೆದಳು.

ದಾರದ ತುದಿಯಲ್ಲಿ ಬೈಟಿನ ಅರ್ಧ ಇತ್ತು. ನಾನು ಕಟ್ಟಿದ ಕುಚ್ಚು, ಸೀಸದ ತಲೆ, ತುಕ್ಕು ಹಿಡಿದ ಕೊಕ್ಕೆ, ನಡುವಿನ ಬಾಗು. ಬಾಗಿನಿಂದ ಒಂದು ಬೆರಳಗಲ ಮೇಲೆ ತಂತಿ ನಿಂತುಹೋಗಿತ್ತು. ಮಗಳು ಅದನ್ನು ಬೆಳಕಿಗೆ ಹಿಡಿದು ಇದು ಅರ್ಧನೇ ಇದೆಯಲ್ಲಾ ಎಂದಳು. ಡ್ರಾಯರಿನಿಂದ ಭೂತಗನ್ನಡಿ ತಂದೆ. ತುದಿ ಚಪ್ಪಟೆಯಾಗಿತ್ತು. ಪಕ್ಕದಲ್ಲೇ ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಕಾಣುತ್ತಿತ್ತು.

ಆಗ ಹೇಳಿಬಿಟ್ಟೆ. ಹಾಳುಮಾಡಿದ ಎರಡು ತುಂಡು, ಇಕ್ಕಳ, ಒರೆಸಿದ ಮೂರು ಚುಕ್ಕಿ, ಆ ಹೂಂ, ಎಲ್ಲ. ಅವಳ ಮುಖ ನೋಡಲಾಗದೆ ಕೊಕ್ಕೆಯನ್ನೇ ನೋಡುತ್ತಾ ಹೇಳಿದೆ. ಅವಳು ಬೈಟನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿದಳು.

"ಒರೆಸಿದೆ ಅಂದ್ಯಲ್ಲಾ. ಇಲ್ಲಿದೆ, ದೇಖೋ. ನಾಲ್ಕಿದೆ."

ಸೀಸದ ತಲೆಯ ಕೆಳಗೆ ಕೆಂಪು ಚುಕ್ಕಿಗಳಿದ್ದವು. ನಾನು ಇಡುವ ಚುಕ್ಕಿ ಎಳ್ಳಿನಷ್ಟು ದುಂಡಗಿರುತ್ತದೆ. ಇವು ಸೊಟ್ಟ, ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು, ನಾಲ್ಕನೆಯದು ಜಾರಿ ಬಾಲದ ಹಾಗೆ ಎಳೆದಿತ್ತು. ನಡುಗುವ ಕೈ ಇಟ್ಟ ಚುಕ್ಕಿಗಳು. ನಾನು ಚಹಾ ತುಂಬುತ್ತಿದ್ದಾಗ ಅವರು ಕೋಣೆಯಲ್ಲಿ ಮಾಡುತ್ತಿದ್ದದ್ದು ಇದು. ನೇಲ್ ಪಾಲಿಶ್ ಬಾಟಲಿಯ ಮುಚ್ಚಳ ಸಡಿಲವಾಗಿ ಒಳಗಿದ್ದದ್ದೆಲ್ಲ ಗಟ್ಟಿಯಾಗಿದ್ದದ್ದನ್ನು ತಿಂಗಳುಗಳ ಹಿಂದೆಯೇ ನೋಡಿದ್ದೆ. ನಾನೇ ಸರಿಯಾಗಿ ಮುಚ್ಚಿಲ್ಲ ಅಂದುಕೊಂಡಿದ್ದೆ.

"ಪಪ್ಪಂಗೆ ಗೊತ್ತಿತ್ತಮ್ಮಾ" ಎಂದಳು ಮಗಳು. ಸಮಾಧಾನಕ್ಕೆ ಹೇಳಿದ ಮಾತು ಅದು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಗೊತ್ತಿತ್ತು, ನಿಜ. ದಣಿದ ತಂತಿ ಎಂದು ಗೊತ್ತಿದ್ದವರು ಅದನ್ನು ಜೋರಾಗಿ ಎಳೆಯುವುದಿಲ್ಲ. ಎಳೆಯದೆ ಬಿಡಿಸೋಣ ಎಂದೇ ಎರಡು ಹೆಜ್ಜೆ ಕೆಳಗೆ ಇಳಿದಿರಬೇಕು. ಹೊಸ ತಂತಿಯಾಗಿದ್ದರೆ ಮೇಲೆಯೇ ನಿಂತು ಎಳೆಯುತ್ತಿದ್ದರು. ಈ ಯೋಚನೆ ಬಂದ ಮೇಲೆ ಮೊದಲಿನ ಭಯದ ಜೊತೆಗೆ ಇನ್ನೊಂದು ಸೇರಿಕೊಂಡಿದೆ.

ನಿನ್ನೆ ಗೆಳೆಯರಿಗೆ ಫೋನ್ ಮಾಡಿ, ತಂತಿ ಯಾವಾಗ ಮುರಿಯಿತು ಎಂದು ಕೊನೆಗೂ ಕೇಳಿದೆ. ಇವರನ್ನು ಮೇಲೆತ್ತಿದ ಮೇಲೆ ನೋಡಿದರೆ ಕೋಲಿನ ದಾರ ಇನ್ನೂ ನೀರಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿತ್ತಂತೆ. ಯಾರೋ ಅದನ್ನು ಕೈಗೆ ಸುತ್ತಿಕೊಂಡು ಎಳೆದು ಕಿತ್ತರಂತೆ. ಆಗ ಮುರಿದದ್ದು ತಂತಿಯೋ, ಅಥವಾ ಮೊದಲೇ ಮುರಿದು ಕೊಕ್ಕೆ ಮಾತ್ರ ಪಾಚಿಗೆ ಸಿಕ್ಕಿತ್ತೋ, ಯಾರೂ ನೋಡಿಲ್ಲ. ನೋಡಿದ್ದಿದ್ದರೆ ಹೇಳುತ್ತಿದ್ದೆ ಅತ್ತಿಗೆ ಎಂದರು.

ಬೈಟಿನ ಕೆಳಗಿನ ಅರ್ಧ ಈಗ ನನ್ನ ಮೇಜಿನ ಮೇಲಿದೆ. ನೆಗ್ಗಿದ ತಾಮ್ರದೆಲೆ ಇದ್ದ ಮೇಲಿನ ಅರ್ಧ ಇನ್ನೂ ಸಿಕ್ಕಿಲ್ಲ.